ಗಾಜಿನಾಚೆಯ ಪಟ್ಟೆಸೀರೆ

ಮಾಘಮಾಸದ ಲಗ್ನಗಳು ಸಮೀಪಿಸುತ್ತಿರುವ ದಿನಗಳಲ್ಲಿ, ಹಾಸನದ ಬಿ.ಎಂ. ರಸ್ತೆಯ ಅಂಚಿನಲ್ಲಿ ಸಂಜೆಯ ಅರ್ಧ ಗಂಟೆ ಸುಮ್ಮನೆ ನಿಂತು ನೋಡುವ ತಾಳ್ಮೆಯುಳ್ಳವರಿಗೆ ಒಂದು ಸಣ್ಣ ಮೆರವಣಿಗೆ ಕಾಣಸಿಗುತ್ತದೆ. ಅರಕಲಗೂಡಿನ ಕಡೆಯಿಂದಲೋ ಹೊಳೆನರಸೀಪುರದ ಕಡೆಯಿಂದಲೋ ಮಧ್ಯಾಹ್ನದ ಬಸ್ಸಿಗೆ ಬಂದಿಳಿದ ಕುಟುಂಬ. ಮುಂದೆ ಚೀಲ ಹಿಡಿದ ಯಜಮಾನ, ಅವನ ಹಿಂದೆ ಪಟ್ಟಿ ಹಿಡಿದ ಸೋದರಮಾವ, ಆಮೇಲೆ ಅಜ್ಜಿ, ಅತ್ತೆ, ಚಿಕ್ಕಮ್ಮಂದಿರ ಸಾಲು, ಆ ಸಾಲಿನ ಕೊನೆಯಲ್ಲಿ, ಯಾರ ನಿಮಿತ್ತವಾಗಿ ಇಷ್ಟೆಲ್ಲ ನಡೆಯುತ್ತಿದೆಯೋ ಆ ಮದುವಣಗಿತ್ತಿ. ಜವಳಿ ತೆಗೆಯಲು ಬಂದವರು ಇವರು. ಯಾವ ಅಂಗಡಿಗೆ ಹೋಗಬೇಕೆಂಬುದನ್ನು ಯಜಮಾನ ಊರಿನಲ್ಲಿಯೇ ನಿಶ್ಚಯಿಸಿಕೊಂಡು ಬಂದಿರುತ್ತಾನೆ. ಆದರೂ ನಡೆಯುತ್ತ ನಡೆಯುತ್ತ ಆ ಸಾಲಿನ ಯಾರೋ ಒಬ್ಬರು ಒಂದು ಗಾಜಿನ ಮುಂದೆ ತಟಕ್ಕನೆ ನಿಂತುಬಿಡುತ್ತಾರೆ, ನಿಂತವರಿಗೆ ಹಿಂದಿನವರು ತಾಗುತ್ತಾರೆ, ಮೆರವಣಿಗೆ ಮುರಿಯುತ್ತದೆ, ಊರಿನಲ್ಲಿ ಗಟ್ಟಿಯಾಗಿದ್ದ ನಿಶ್ಚಯ ಬೀದಿಯಲ್ಲಿ ಸಡಿಲವಾಗುತ್ತದೆ. ಹತ್ತು ಅಂಗಡಿಗಳ ಗಾಜನ್ನು ನಿರ್ಲಕ್ಷ್ಯದಿಂದ ದಾಟಿ ಬಂದ ಕಾಲುಗಳು ಹನ್ನೊಂದನೆಯದರ ಮುಂದೆ ನಿಂತುದೇಕೆ? ಪ್ರಸ್ತುತ ಅಧ್ಯಾಯದ ವಿಷಯ ಇಷ್ಟೇ.

ಅಂಗಡಿಯವರ ಮಾತಿನಲ್ಲಿ ಆ ಗಾಜಿನ ಕೋಣೆ ಷೋಕೇಸು. ಅದರೊಳಗೆ ಸೀರೆಯುಟ್ಟು ನಿಂತವಳು ಬೊಂಬೆ. ಬೊಂಬೆಯನ್ನು ಸಿಂಗರಿಸುವುದು ರಸಿಕತೆಗೆ ಸೇರಿದ ಕೆಲಸವಾಗಿರುವಾಗ ಭೌತವಿಜ್ಞಾನಕ್ಕೆ ಅಲ್ಲೇನು ಅಧಿಕಾರವೆಂದು ವಾಚಕರು ಆಕ್ಷೇಪಿಸಬಹುದು. ಆದರೆ ಸೀರೆಯ ಸೌಂದರ್ಯ ನೋಡುವವಳ ಮನಸ್ಸನ್ನು ಮುಟ್ಟಬೇಕಾದರೆ, ಅದಕ್ಕೆ ಮೊದಲು ದೀಪದಿಂದ ಹೊರಟ ಬೆಳಕು ಎಳೆಗಳ ಮೇಲೆ ಬಿದ್ದು, ಅಲ್ಲಿ ಕೆಲವಂಶವನ್ನು ಕಳೆದುಕೊಂಡು, ಉಳಿದುದನ್ನು ಹೊತ್ತು ಗಾಜನ್ನು ದಾಟಿ, ಬೀದಿಯ ಬೆಳಕಿನೊಡನೆ ಸೆಣಸಿ, ನಡೆಯುತ್ತಿರುವ ಒಬ್ಬಳ ಕಣ್ಣಿನ ಅತಿ ಸಣ್ಣದೊಂದು ಪ್ರದೇಶವನ್ನು ಸೇರಬೇಕು. ಈ ದಾರಿಯ ಪ್ರತಿಯೊಂದು ತಿರುವಿನಲ್ಲಿಯೂ ಪ್ರಕೃತಿ ತನ್ನದೊಂದು ಸುಂಕದ ಕಟ್ಟೆಯನ್ನು ಇಟ್ಟುಕೊಂಡಿದೆ. ಸುಂಕವೆಷ್ಟೆಂದು ತಿಳಿಯದೆ ಗಾಡಿಗೆ ಸರಕು ಹೇರಿದ ವರ್ತಕನ ಗತಿಯೇ ಈ ನಿಯಮಗಳನ್ನು ತಿಳಿಯದ ಅಲಂಕಾರಕಾರನದು. ಮನೋಧರ್ಮವೆಂಬುದು ತಾಳ ಕೈವಶವಾದ ಮೇಲಿನ ಮಾತು ಎಂಬುದನ್ನು, ಸಂಗೀತಗಾರರ ಊರೆಂದೇ ಹೆಸರಾದ ರುದ್ರಪಟ್ಟಣವನ್ನು ತಮ್ಮ ತಾಲ್ಲೂಕಿನಲ್ಲಿಟ್ಟುಕೊಂಡಿರುವ ಅರಕಲಗೂಡಿನವರಿಗೆ ವಿಸ್ತರಿಸಿ ಹೇಳಬೇಕಾಗಿಲ್ಲ.

ನೋಟವನ್ನು ಜೋಡಿಸುವ ವಿದ್ಯೆ ನಮ್ಮ ಮನೆಗಳಿಗೆ ಹೊಸದೂ ಅಲ್ಲ. ನವರಾತ್ರಿಯಲ್ಲಿ ಬೊಂಬೆ ಕೂರಿಸುವವರು ಮೆಟ್ಟಿಲುಗಳನ್ನು ಬೆಸಸಂಖ್ಯೆಯಲ್ಲಿ ಕಟ್ಟಿ, ಬಿಳಿಯ ಪಂಚೆಯನ್ನು ಹಾಸಿ, ಮೇಲಿನ ಮೆಟ್ಟಿಲಿನಲ್ಲಿ ಪಟ್ಟದ ಬೊಂಬೆಗಳಿಗೆ ರೇಷ್ಮೆಯುಡಿಸಿ ನಿಲ್ಲಿಸಿ, ಸೆಟ್ಟಿಯ ಅಂಗಡಿಯನ್ನು ಕೆಳಗಿನ ಮೆಟ್ಟಿಲಿಗೆ ಇಳಿಸುವಾಗ, ಯಾವುದು ಮೊದಲು ಕಾಣಬೇಕು, ಯಾವುದು ಹುಡುಕಿದವರಿಗೆ ಮಾತ್ರ ಸಿಗಬೇಕು ಎಂಬ ತಾರತಮ್ಯವನ್ನೇ ಆಚರಿಸುತ್ತಿರುತ್ತಾರೆ. ಪಾಶ್ಚಾತ್ಯ ದೇಶಗಳಲ್ಲಿ ಈ ವಿದ್ಯೆ ಬೀದಿಗೆ ಬಂದುದು ದೊಡ್ಡ ಗಾಜಿನ ಹಲಗೆಗಳು ವರ್ತಕರ ಕೈಗೆಟುಕಿದ ಮೇಲೆ. ಅಮೆರಿಕದ ಎಲ್. ಫ್ರಾಂಕ್ ಬೌಮ್ 1897ರಲ್ಲಿ ಷೋಕೇಸಿನ ಅಲಂಕಾರಕ್ಕೆಂದೇ ಒಂದು ಪತ್ರಿಕೆಯನ್ನು ಆರಂಭಿಸಿದನು. ಓಜ್ ಎಂಬ ಮಾಯಾದೇಶದ ಮಕ್ಕಳ ಕಥೆಯೂ, ಬಟ್ಟೆಯಂಗಡಿಯ ಗಾಜನ್ನು ಸಿಂಗರಿಸುವ ಕೈಪಿಡಿಯೂ ಅವನ ಲೇಖನಿಯಿಂದ ಒಂದೇ ವರ್ಷ, 1900ರಲ್ಲಿ, ಹೊರಬಂದುವು. ಲಂಡನ್ನಿನಲ್ಲಿ ಸೆಲ್ಫ್ರಿಡ್ಜ್ 1909ರಲ್ಲಿ ತನ್ನ ಮಳಿಗೆಯನ್ನು ತೆರೆದಾಗ, ಬಾಗಿಲು ಮುಚ್ಚಿದ ಮೇಲೂ ಷೋಕೇಸುಗಳ ದೀಪ ಉರಿಯುತ್ತಿರುವಂತೆ ಏರ್ಪಡಿಸಿದನು. ಕರಗಿದ ತವರದ ಮೇಲೆ ಗಾಜನ್ನು ತೇಲಿಸಿ ಸಮತಟ್ಟಾಗಿಸುವ ವಿಧಾನವನ್ನು ಇಂಗ್ಲೆಂಡಿನ ಪಿಲ್ಕಿಂಗ್ಟನ್ ಸಂಸ್ಥೆ 1959ರಲ್ಲಿ ಪ್ರಕಟಪಡಿಸಿದುದರ ಫಲವಾಗಿ, ಅಲೆಯಿಲ್ಲದ ದೊಡ್ಡ ಗಾಜು ಕಾಲಕ್ರಮದಲ್ಲಿ ನಮ್ಮ ತಾಲ್ಲೂಕು ಕೇಂದ್ರಗಳ ಅಂಗಡಿಗಳಿಗೂ ನಿಲುಕಿತು. ಗಾಜು ಬಂದಿತು, ಗಾಜಿನ ಸ್ವಭಾವದ ಅರಿವು ಮಾತ್ರ ಅದರೊಡನೆ ಬರಲಿಲ್ಲ.

ಹಗಲಿನ ಕನ್ನಡಿ

ಗಾಜು ಪಾರದರ್ಶಕವೆಂದು ನಾವು ಹೇಳುವುದು ಒಂದು ಔದಾರ್ಯದ ಮಾತು. ಗಾಳಿಯಿಂದ ಗಾಜನ್ನು ಪ್ರವೇಶಿಸುವ ಬೆಳಕಿನಲ್ಲಿ ನೂರಕ್ಕೆ ಸುಮಾರು 4 ಪಾಲು ಒಳಕ್ಕೆ ಹೋಗಲೊಲ್ಲದೆ ಹೊಸ್ತಿಲಿನಿಂದಲೇ ಹಿಂದಿರುಗುತ್ತದೆ. ಹಿಂಬದಿಯ ಮುಖದಿಂದ ಹೊರಬೀಳುವಾಗ ಮತ್ತೆ ಅಷ್ಟೇ ಪಾಲು ಹಿಂದಿರುಗುತ್ತದೆ. ಗಾಜಿನ ವಕ್ರೀಭವನಾಂಕ 1.5 ಎಂಬುದೊಂದನ್ನು ತಿಳಿದರೆ ಸಾಕು, ಈ ಪ್ರಮಾಣವನ್ನು ಕಾಗದದ ಮೇಲೆಯೇ ಲೆಕ್ಕಹಾಕಬಹುದೆಂದು ಫ್ರಾನ್ಸಿನ ಫ್ರೆನೆಲ್ ಹತ್ತೊಂಬತ್ತನೆಯ ಶತಮಾನದ ಆದಿಭಾಗದಲ್ಲಿಯೇ ತೋರಿಸಿದ್ದನು. ಒಟ್ಟು ನೂರಕ್ಕೆ 8; ಕೇಳುವುದಕ್ಕೆ ಅಲ್ಪ. ಆದರೆ ಯಾವುದರ ನೂರಕ್ಕೆ ಎಂಟು ಎಂಬುದನ್ನು ವಿಚಾರಿಸದೆ ಬಡ್ಡಿಯ ದರವನ್ನು ಹಗುರವಾಗಿ ಎಣಿಸತಕ್ಕದ್ದಲ್ಲ.

ಮೈಮೇಲೆ ಬೀಳುವ ಬೆಳಕನ್ನು ಅಳೆಯುವ ಮಾನಕ್ಕೆ ಲಕ್ಸ್ ಎಂದು ಹೆಸರು. ನಡುಹಗಲಿನ ಬಿಸಿಲು ನೆಲದ ಮೇಲೆ ಚೆಲ್ಲುವ ಬೆಳಕು ಸುಮಾರು 1 ಲಕ್ಷ ಲಕ್ಸ್. ಬೀದಿಯ ಆಚೆ ಬದಿಯ ಸುಣ್ಣದ ಗೋಡೆಯ ಮೇಲೆ ಅದರ ಅರ್ಧವಾದರೂ, ಎಂದರೆ 50,000 ಲಕ್ಸ್, ಬಿದ್ದಿದೆಯೆಂದು ಭಾವಿಸೋಣ. ಆ ಗೋಡೆಯ ಬೆಳಕಿನ ನೂರಕ್ಕೆ 8 ಪಾಲು ನಮ್ಮ ಗಾಜಿನಲ್ಲಿ ಪ್ರತಿಬಿಂಬಿಸಿದರೆ, ಗಾಜಿನ ಹಿಂದಿರುವ ಬಿಳಿಯ ಸೀರೆ ಆ ಪ್ರತಿಬಿಂಬಕ್ಕೆ ಕೇವಲ ಸಮಾನವಾಗಿ ತೋರಬೇಕಾದರೂ ಅದರ ಮೇಲೆ 4,000 ಲಕ್ಸ್ ಬೆಳಕು ಬೀಳಬೇಕು. ಸಾಮಾನ್ಯವಾದ ಅಂಗಡಿಯ ಒಳಗಿನ ಬೆಳಕು 500ರಿಂದ 1,000 ಲಕ್ಸ್ ದಾಟುವುದಿಲ್ಲ. ಆದುದರಿಂದ ಹಗಲಿನಲ್ಲಿ ಆ ಗಾಜಿನ ಮುಂದೆ ನಿಂತವಳಿಗೆ ಕಾಣುವುದು ಧಾರೆ ಸೀರೆಯಲ್ಲ, ಎದುರು ಗೋಡೆ, ವಿದ್ಯುತ್ ಕಂಬ, ನಿಂತ ಆಟೋ, ಮತ್ತು ಇವೆಲ್ಲದರ ನಡುವೆ ಬಿಸಿಲಿಗೆ ಕಣ್ಣು ಕಿರಿದುಮಾಡಿಕೊಂಡ ತಾನು. ಸೂರ್ಯ ಮುಳುಗಿ ಬೀದಿಯ ಬೆಳಕು 20 ಲಕ್ಸಿಗೆ ಇಳಿದ ಕೂಡಲೆ ಅದೇ ಗಾಜು, ಅದೇ ದೀಪ, ಅದೇ ಸೀರೆ, ಗಾಜೇ ಇಲ್ಲವೆಂಬಂತೆ ಪ್ರಕಾಶಿಸುತ್ತದೆ. ಒಂದೇ ವಸ್ತು ಹಗಲು ಕನ್ನಡಿಯಾಗಿ ಇರುಳು ಕಿಟಕಿಯಾಗುವುದೆಂಬ ಈ ಸತ್ಯವೇ ಷೋಕೇಸಿನ ಸಮಸ್ತ ಶಾಸ್ತ್ರಕ್ಕೂ ಬುನಾದಿ.

ಇಲ್ಲಿಂದ ಒಂದು ವಿಪರೀತವೆಂದು ತೋರುವ ನಿರ್ಣಯ ಹೊರಡುತ್ತದೆ. ಬೆಲೆಬಾಳುವ ವಸ್ತುವಿಗೆ ಕಪ್ಪು ಮಖಮಲ್ಲಿನ ಹಿನ್ನೆಲೆಯೇ ಘನವಾದದ್ದೆಂದು ನಂಬಿ, ಅದರಂತೆ ಷೋಕೇಸನ್ನು ಕಟ್ಟಿಸಿ, ಹಗಲೆಲ್ಲ ಅದು ಬೀದಿಯ ಜನ ತಲೆ ಬಾಚಿಕೊಳ್ಳುವ ಕನ್ನಡಿಯಾದುದನ್ನು ಕಂಡು ಮರುಗಿದ ವರ್ತಕರೊಬ್ಬರನ್ನು ನಾನು ಬಲ್ಲೆ. ಕನ್ನಡಿಯನ್ನು ಮಾಡುವವರು ಗಾಜಿನ ಬೆನ್ನಿಗೆ ಬೆಳ್ಳಿಯನ್ನು ಬಳಿಯುತ್ತಾರೆ; ಏನನ್ನೂ ಬಳಿಯದೆ ಹಿಂದೆ ಕತ್ತಲೆಯನ್ನಿಟ್ಟರೂ ಅರ್ಧ ಕನ್ನಡಿಯಾಗುತ್ತದೆ. ಹಗಲಿನ ಹಿನ್ನೆಲೆ ತಿಳಿಬಣ್ಣದ್ದಾಗಿ, ತಾನೇ ಬೆಳಕನ್ನು ಕುಡಿಯದೆ ಹಿಂದಕ್ಕೆ ಚೆಲ್ಲುವಂಥದಾಗಿರಬೇಕು. ಬೊಂಬೆ ಕೂರಿಸುವ ನಮ್ಮ ಅಜ್ಜಿಯರು ಬಿಳಿಯ ಪಂಚೆಯನ್ನು ಹಾಸಿದುದು ಮಡಿಗಾಗಿಯೇ ಇದ್ದರೂ, ಮಬ್ಬು ನಡುಮನೆಯಲ್ಲಿ ಅದರ ದ್ಯುತಿವಿಜ್ಞಾನ ನಿರ್ದುಷ್ಟವಾಗಿತ್ತು.

ಅಂಗಡಿಯ ಮುಖ ಯಾವ ದಿಕ್ಕಿಗಿದೆಯೆಂಬುದು ವಾಸ್ತುವಿನವರಿಗೆ ಮಾತ್ರ ಬಿಡತಕ್ಕ ವಿಷಯವಲ್ಲ. ಹಾಸನ ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ದೀಪಾವಳಿಯಿಂದ ಮಾಘದವರೆಗಿನ ವ್ಯಾಪಾರದ ಋತುವಿನಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿಕೊಂಡೇ ಸಾಗುತ್ತಾನೆ. ಉತ್ತರಕ್ಕೆ ಮುಖಮಾಡಿದ ಅಂಗಡಿಗೆ ಆಗ ಬಿಸಿಲು ತಾಗದು, ಆದರೆ ಅದರ ಎದುರಿಗಿರುವ ಗೋಡೆಗಳು ದಕ್ಷಿಣದ ಬಿಸಿಲನ್ನು ಪೂರ್ಣವಾಗಿ ಹೊತ್ತು ಗಾಜಿಗೆ ಎಸೆಯುತ್ತವೆ. ದಕ್ಷಿಣಕ್ಕೆ ಮುಖಮಾಡಿದ ಅಂಗಡಿಗೆ ಎದುರಿನ ಗೋಡೆಗಳು ನೆರಳಿನಲ್ಲಿದ್ದು ಪ್ರತಿಬಿಂಬದ ಕಾಟ ಕಡಿಮೆ, ಆದರೆ ಬಿಸಿಲು ನೇರವಾಗಿ ಸೀರೆಯನ್ನೇ ಹಿಡಿಯುತ್ತದೆ. ಒಬ್ಬನಿಗೆ ನೋಟದ ನಷ್ಟ, ಇನ್ನೊಬ್ಬನಿಗೆ ಬಣ್ಣದ ನಷ್ಟ. ಡಿಸೆಂಬರಿನ ಕೊನೆಯ ವಾರದಲ್ಲಿ ಹಾಸನದ ಮಧ್ಯಾಹ್ನದ ಸೂರ್ಯ ದಿಗಂತದಿಂದ ಸುಮಾರು 53 ಡಿಗ್ರಿ ಎತ್ತರದಲ್ಲಿರುವುದರಿಂದ, 8 ಅಡಿ ಎತ್ತರದ ದಕ್ಷಿಣದ ಗಾಜನ್ನು ಪೂರ್ತಿ ನೆರಳಿನಲ್ಲಿಡಲು 6 ಅಡಿ ಚಾಚಿದ ಚಪ್ಪರ ಬೇಕು. ದೀಪಾವಳಿಯ ವೇಳೆಗೆ ನಾಲ್ಕೈದು ಅಡಿ ಸಾಕಾಗುತ್ತದೆ.

ಪ್ರತಿಬಿಂಬವನ್ನು ಗೆಲ್ಲಲು ಮನುಷ್ಯರು ಹೂಡಿದ ಉಪಾಯಗಳು ಸ್ವಾರಸ್ಯವಾದುವು. ಲಂಡನ್ನಿನ ಪಿಕಡಿಲಿಯಲ್ಲಿ 1936ರಲ್ಲಿ ತೆರೆದ ಸಿಂಪ್ಸನ್ಸ್ ಬಟ್ಟೆಯಂಗಡಿಗೆ ವಾಸ್ತುಶಿಲ್ಪಿ ಜೋಸೆಫ್ ಎಂಬರ್ಟನ್ ಒಳಕ್ಕೆ ಬಾಗಿದ ಗಾಜನ್ನು ಇಡಿಸಿದನು. ಬಾಗಿದ ಮೈಯಲ್ಲಿ ಪ್ರತಿಫಲಿಸಿದ ಬೆಳಕು ನೋಡುವವರ ಕಣ್ಣನ್ನು ಬಿಟ್ಟು ಬೇರೆಡೆಗೆ ಹೋಗುವಂತೆ ಅದರ ಬಾಗು. 1938ರಲ್ಲಿ ಅಮೆರಿಕದ ಕ್ಯಾಥರೀನ್ ಬ್ಲಾಜೆಟ್ ಎಂಬ ವಿಜ್ಞಾನಿ, ಬೆಳಕಿನ ಅಲೆಯುದ್ದದ ಕಾಲುಭಾಗದಷ್ಟು ದಪ್ಪವಾದ ಪೊರೆಯನ್ನು ಗಾಜಿಗೆ ಲೇಪಿಸಿ, ಪೊರೆಯ ಎರಡು ಮುಖಗಳಿಂದ ಹಿಂದಿರುಗುವ ಅಲೆಗಳು ಪರಸ್ಪರ ಕೊಂದುಕೊಳ್ಳುವಂತೆ ಮಾಡಿದಳು. ಆ ಮೊದಲ ಪೊರೆ ಕೈತಾಕಿದರೆ ಅಳಿಸಿಹೋಗುವಷ್ಟು ಕೋಮಲವಾಗಿತ್ತಾದರೂ, ಇಂದಿನ ಕನ್ನಡಕಗಳ ಮೇಲಿರುವ ಗಟ್ಟಿಯಾದ ಲೇಪಗಳು ಅದೇ ತತ್ತ್ವದವು. ಇವೆರಡೂ ಖರ್ಚಿನ ದಾರಿಗಳು. ಖರ್ಚಿಲ್ಲದ ದಾರಿಯೊಂದುಂಟು: ಗಾಜಿನ ನೆತ್ತಿಯನ್ನು ಬೀದಿಯ ಕಡೆಗೆ ತುಸು ವಾಲಿಸುವುದು. ವಾಲಿದ ಗಾಜಿನಲ್ಲಿ ಎದುರು ಗೋಡೆಯ ಬದಲು ಕಪ್ಪಾದ ಡಾಂಬರಿನ ನೆಲ ಪ್ರತಿಬಿಂಬಿಸುತ್ತದೆ, ಅದರ ಮಬ್ಬು ಸೀರೆಯ ಕಾಂತಿಗೆ ಅಡ್ಡಬರದು. ಇದೇ ಹಾಸನ ಜಿಲ್ಲೆಯ ಬೇಲೂರಿನಲ್ಲಿ, 1117ರಲ್ಲಿ ವಿಷ್ಣುವರ್ಧನನು ಪ್ರತಿಷ್ಠಾಪಿಸಿದ ಚೆನ್ನಕೇಶವನ ಗುಡಿಯ ಮದನಿಕೆಯರನ್ನು, ಕಂಬದ ತಲೆಗೂ ಸೂರಿಗೂ ನಡುವೆ ಮುಂದಕ್ಕೆ ಬಾಗಿದ ಓರೆಯಲ್ಲಿಯೇ ಶಿಲ್ಪಿಗಳು ನಿಲ್ಲಿಸಿರುವುದು, ಕೆಳಗೆ ನಿಂತ ಮನುಷ್ಯನ ಕಣ್ಣಿಗೂ ಶಿಲ್ಪದ ಮುಖಕ್ಕೂ ಇರುವ ಕೋನವನ್ನು ಅವರು ಮರೆತಿರಲಿಲ್ಲವೆಂಬುದಕ್ಕೆ ಸಾಕ್ಷಿ. ಆ ಮದನಿಕೆಯರಲ್ಲಿ ಕನ್ನಡಿ ಹಿಡಿದ ದರ್ಪಣಸುಂದರಿಯನ್ನು ವಾಚಕರು ಸ್ವಲ್ಪ ನೆನಪಿನಲ್ಲಿಟ್ಟಿರಬೇಕು; ಅವಳಲ್ಲಿ ನಮಗೆ ಮುಂದೆ ಕೆಲಸವಿದೆ.

ಏಳು ಅಂಗೈಗಳು

ಗಾಜಿನ ಸುಂಕವನ್ನು ತೆತ್ತು ಹೊರಬಂದ ಬೆಳಕು ಇನ್ನು ಕಣ್ಣಿನ ಕೃಪಣತೆಯನ್ನು ಎದುರಿಸಬೇಕು. ನಮ್ಮ ಕಣ್ಣು ಎದುರಿಗಿರುವುದೆಲ್ಲವನ್ನೂ ಏಕಕಾಲದಲ್ಲಿ ಸ್ಫುಟವಾಗಿ ನೋಡುತ್ತಿದೆಯೆಂಬುದು ಒಂದು ಸುಖಕರವಾದ ಭ್ರಾಂತಿ. ಅಕ್ಷಿಪಟಲದ ನಡುವಿನ ಚಿಕ್ಕದೊಂದು ತಗ್ಗು ಮಾತ್ರ ನೂಲಿನ ಎಳೆಯನ್ನೂ ಜರಿಯ ಬಳ್ಳಿಯನ್ನೂ ಬಿಡಿಬಿಡಿಯಾಗಿ ಗುರುತಿಸಬಲ್ಲುದು. ಅದರ ವ್ಯಾಪ್ತಿ ಸುಮಾರು 2 ಡಿಗ್ರಿ, ಎಂದರೆ ಮೂರು ಮೀಟರು ದೂರದಲ್ಲಿ ಹತ್ತು ಸೆಂಟಿಮೀಟರು ಅಗಲ, ಹೆಚ್ಚುಕಡಿಮೆ ಒಂದು ಅಂಗೈ. ಉಳಿದುದೆಲ್ಲ ಮಸುಕು, ಕಣ್ಣು ಸೆಕೆಂಡಿಗೆ ಮೂರು ಸಲದಂತೆ ತನ್ನ ಅಂಗೈಯನ್ನು ಅಲ್ಲಿಂದಿಲ್ಲಿಗೆ ಎತ್ತಿಟ್ಟು, ಮನಸ್ಸು ಆ ತುಣುಕುಗಳನ್ನು ಹೊಲಿದು, ಇಡೀ ಬಟ್ಟೆಯೆಂದು ನಮ್ಮನ್ನು ನಂಬಿಸುತ್ತದೆ.

ಈಗ ಲೆಕ್ಕ ಹಾಕೋಣ. ಬೀದಿಯಲ್ಲಿ ನಡೆಯುವವಳ ವೇಗ ಸೆಕೆಂಡಿಗೆ 1.3 ಮೀಟರು, ಷೋಕೇಸಿನ ಅಗಲ 3 ಮೀಟರು. ದಾಟಲು ಹಿಡಿಯುವ ಕಾಲ ಹೆಚ್ಚುಕಡಿಮೆ ಎರಡೂಕಾಲು ಸೆಕೆಂಡು. ಅಷ್ಟರಲ್ಲಿ ಅವಳ ಕಣ್ಣು ಇಡಬಲ್ಲ ಅಂಗೈಗಳು ಏಳು. ವರ್ತಕನು ಆ ಕೋಣೆಯೊಳಗೆ ಮೂವತ್ತು ಸೀರೆಗಳನ್ನು ಜೋಲಿಸಿ, ಅವುಗಳ ಸಂದಿನಲ್ಲಿ ಶೇಕಡಾ ಇಷ್ಟು ಸೋಡಿಯೆಂಬ ಕೆಂಪು ಚೀಟಿಗಳನ್ನು ಅಂಟಿಸಿದ್ದರೆ, ಏಳರಲ್ಲಿ ನಾಲ್ಕನ್ನು ಚೀಟಿಗಳೇ ನುಂಗಿ, ಉಳಿದ ಮೂರು ಮೂವತ್ತರ ಯಾವುದೋ ಮೂಲೆಗಳಲ್ಲಿ ಚೆದರಿ, ಅವಳು ಏನನ್ನೂ ನೋಡದೆ ಮುಂದಿನ ಅಂಗಡಿಯನ್ನು ಸೇರಿರುತ್ತಾಳೆ. ಒಂದೇ ಸೀರೆಯಿದ್ದರೆ ಏಳೂ ಅದರ ಪಾಲು: ಸೆರಗಿಗೆ ಮೂರು, ಅಂಚಿಗೆ ಎರಡು, ಒಡಲಿಗೊಂದು, ನಿರಿಗೆಗೊಂದು. ದುಬಾರಿ ವಸ್ತುವಿನ ಸುತ್ತಲಿನ ಖಾಲಿ ಜಾಗ ಆಡಂಬರವಲ್ಲ. ಅದು ಕಣ್ಣಿನ ಬಡತನವನ್ನು ಬಲ್ಲವನ ಮಿತವ್ಯಯ. ಒಂದೇ ಬಗೆಯವುಗಳ ನಡುವೆ ಒಂಟಿಯಾಗಿ ಬೇರೆಯಾದುದು ನೆನಪಿನಲ್ಲಿ ಹೆಚ್ಚು ನಿಲ್ಲುವುದೆಂದು ಜರ್ಮನಿಯ ಹೆಡ್ವಿಗ್ ಫೊನ್ ರೆಸ್ಟಾರ್ಫ್ 1933ರಲ್ಲಿ ಪ್ರಯೋಗಗಳಿಂದ ತೋರಿಸಿದಳು. ನ್ಯೂಯಾರ್ಕಿನ ಟಿಫನಿ ಆಭರಣದಂಗಡಿಯ ಷೋಕೇಸುಗಳನ್ನು 1955ರಿಂದ ನಾಲ್ಕು ದಶಕಗಳ ಕಾಲ ಸಿಂಗರಿಸಿದ ಜೀನ್ ಮೂರ್, ಬೆಲೆಯಿಲ್ಲದ ದಿನಬಳಕೆಯ ವಸ್ತುಗಳ ಸಂಗಡ ರತ್ನವನ್ನಿಟ್ಟು ಅದೇ ಫಲವನ್ನು ಪಡೆದನು.

ಈ ಪಾಠವನ್ನು ಕಲಿಯಲು ನಮ್ಮವರು ನ್ಯೂಯಾರ್ಕಿಗೆ ಹೋಗಬೇಕಾಗಿಲ್ಲ. ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದಲ್ಲಿ, ಕ್ರಿ.ಶ. 981ರ ಸುಮಾರಿಗೆ ಚಾವುಂಡರಾಯನು ನಿಲ್ಲಿಸಿದ ಸುಮಾರು 58 ಅಡಿಯ ಗೊಮ್ಮಟನನ್ನು ನೋಡಿದವರು, ಆ ಮೂರ್ತಿಯ ಹಿಂದೆ ಏನಿತ್ತೆಂಬುದನ್ನು ಜ್ಞಾಪಿಸಿಕೊಳ್ಳಲು ಯತ್ನಿಸಲಿ. ಏನೂ ಇರಲಿಲ್ಲ. ಸುತ್ತಾಲಯದ ಮೇಲೆ ಎದ್ದು ನಿಂತ ಆ ದೇಹಕ್ಕೆ ಆಕಾಶವಲ್ಲದೆ ಬೇರೊಂದು ಹಿನ್ನೆಲೆಯಿಲ್ಲ. ಹೆಗಲಿನ ರೇಖೆ ಬಂಡೆಯೊಡನೆಯೋ ಮರದೊಡನೆಯೋ ಬೆರೆತುಹೋಗುವ ಭಯವಿಲ್ಲ. ಆಕೃತಿ ಯಾವುದು, ಹಿನ್ನೆಲೆ ಯಾವುದು ಎಂಬ ಪ್ರಶ್ನೆಯನ್ನು ಡೆನ್ಮಾರ್ಕಿನ ಎಡ್ಗರ್ ರೂಬಿನ್ 1915ರಲ್ಲಿ ಶಾಸ್ತ್ರವಿಷಯವಾಗಿಸುವುದಕ್ಕೆ ಒಂಬತ್ತು ಶತಮಾನಗಳ ಹಿಂದೆ, ಈ ಬೆಟ್ಟದ ಮೇಲೆ ಅದಕ್ಕೆ ಉತ್ತರ ಸಿಕ್ಕಿತ್ತು. ಬಟ್ಟೆಯಂಗಡಿ ಕಲಿಯಬೇಕಾದ ಮೊದಲ ಪಾಠವನ್ನು ಬಟ್ಟೆಯನ್ನೇ ತೊರೆದವನು ಹೇಳಿಕೊಡುತ್ತಿರುವುದು ವಿನೋದವಾಗಿದ್ದರೂ ಸತ್ಯ. ಅದೇ ತಾಲ್ಲೂಕಿನ ನುಗ್ಗೇಹಳ್ಳಿಯಲ್ಲಿ 1246ರಲ್ಲಿ ಬೊಮ್ಮಣ್ಣ ದಂಡನಾಯಕನು ಕಟ್ಟಿಸಿದ ಲಕ್ಷ್ಮೀನರಸಿಂಹನ ಗುಡಿಗೆ ಬಂದರೆ ಇದರ ಇನ್ನೊಂದು ಕೊನೆ ಕಾಣುತ್ತದೆ: ಅಲ್ಲಿ ಗೋಡೆಯ ತುಂಬ ಮೂರ್ತಿಗಳು, ಮೂರ್ತಿಗಳ ತುಂಬ ಆಭರಣಗಳು, ಆದರೂ ಒಂದು ಇನ್ನೊಂದರೊಡನೆ ಬೆರೆಯುವುದಿಲ್ಲ, ಏಕೆಂದರೆ ಮೃದುವಾದ ಬಳಪದ ಕಲ್ಲನ್ನು ಆಳವಾಗಿ ಕೊರೆದ ಬೈಚೋಜ, ಮಲ್ಲಿತಮ್ಮರು ಪ್ರತಿಯೊಂದು ಅಂಗದ ಹಿಂದೆಯೂ ಒಂದು ನೆರಳನ್ನು ಇಟ್ಟಿದ್ದಾರೆ. ಬಹಳವನ್ನು ತೋರಿಸಲೇಬೇಕೆಂಬ ಹಟವುಳ್ಳವರು ಅಷ್ಟು ನೆರಳನ್ನು ಕೆತ್ತುವ ಶ್ರಮಕ್ಕೂ ಸಿದ್ಧರಾಗಿರಬೇಕು.

ಕಣ್ಣಿನ ಅಂಗೈಗಳು ಎಲ್ಲಿ ಬೀಳುತ್ತವೆಂಬುದೂ ಕೇವಲ ಯದೃಚ್ಛೆಯಲ್ಲ. ಮಾಸ್ಕೋದ ಯಾರ್ಬಸ್ ಚಿತ್ರಗಳನ್ನು ನೋಡುವವರ ಕಣ್ಣಿನ ಚಲನೆಯನ್ನು ದಾಖಲಿಸಿದಾಗ, ಅದು ಮತ್ತೆ ಮತ್ತೆ ಮನುಷ್ಯರ ಮುಖಗಳಿಗೇ, ಮುಖದಲ್ಲಿ ಕಣ್ಣುಗಳಿಗೇ ಮರಳುತ್ತಿದ್ದುದು ಕಂಡುಬಂದಿತು. ರೆಪ್ಪೆ, ತುಟಿ, ನಗೆಗಳನ್ನು ಬಳಿದ ಬೊಂಬೆ ಆದುದರಿಂದ ಸೀರೆಗೆ ಸಲ್ಲಬೇಕಾದ ಏಳರಲ್ಲಿ ಎರಡು ಮೂರನ್ನು ತಾನೇ ಕದ್ದುಕೊಳ್ಳುತ್ತದೆ. ಮುಖವಿಲ್ಲದ, ಇಲ್ಲವೆ ತಲೆಯೇ ಇಲ್ಲದ ಬೊಂಬೆಗಳನ್ನು ಹೊಸಕಾಲದ ವಿಕಾರವೆಂದು ಹಿರಿಯರು ಹಳಿಯುವುದುಂಟು. ಅದು ವಿಕಾರವಲ್ಲ, ಕಳ್ಳನನ್ನು ಮನೆಗೆ ಸೇರಿಸದಿರುವ ಎಚ್ಚರ.

ನಿಂತ ಆರತಿ

ರೇಷ್ಮೆಗೆ ಹತ್ತಿಗಿಲ್ಲದ ಹೊಳಪು ಬಂದುದೆಲ್ಲಿಂದ? ಹುಳು ಹೊರಚೆಲ್ಲಿದ ಎಳೆಯ ತೂಕದಲ್ಲಿ ಸುಮಾರು ಕಾಲುಭಾಗ ಅಂಟು. ಸಾಬೂನು ನೀರಿನಲ್ಲಿ ಕುದಿಸಿ ಆ ಅಂಟನ್ನು ತೆಗೆದಮೇಲೆ ಉಳಿಯುವ ಎಳೆಯ ಅಡ್ಡಕೊಯ್ತವನ್ನು ಸೂಕ್ಷ್ಮದರ್ಶಕದಲ್ಲಿಟ್ಟರೆ, ಅದು ಮೂಲೆಗಳು ತುಸು ಮೊಂಡಾದ ತ್ರಿಕೋನ. ನುಣುಪಾದ ಆ ಚಪ್ಪಟೆ ಮುಖಗಳು ಬೆಳಕನ್ನು ಚೆದರಿಸದೆ ಒಂದೇ ಕಡೆಗೆ ಹಿಂದಿರುಗಿಸುವುದರಿಂದಲೇ ರೇಷ್ಮೆಗೆ ಆ ಕಾಂತಿ. ಮೈಸೂರಿನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು 1912ರಲ್ಲಿ ಸ್ಥಾಪಿಸಿದ ನೇಯ್ಗೆಯ ಕಾರ್ಖಾನೆಯಿಂದ ಬರುವ ಕ್ರೇಪ್ ಸೀರೆಗಳಲ್ಲಿ ನೂಲನ್ನು ಬಲವಾಗಿ ಹುರಿಮಾಡುವುದರಿಂದ ಈ ಮುಖಗಳು ದಿಕ್ಕುದಿಕ್ಕಿಗೆ ತಿರುಗಿ, ಕನ್ನಡಿಯ ಹೊಳಪಿಗೆ ಬದಲಾಗಿ ಬೆಳದಿಂಗಳಿನ ಮಾರ್ದವ ಬರುತ್ತದೆ. ಆದುದರಿಂದ ಎರಡಕ್ಕೂ ಒಂದೇ ದೀಪ ಸಲ್ಲದು: ನುಣುಪು ರೇಷ್ಮೆಯ ಹೊಳಪನ್ನು ಚಿಕ್ಕದಾದ ಒಂದು ದೀಪ ಓರೆಯಿಂದ ಎಬ್ಬಿಸಬೇಕು; ಕ್ರೇಪಿನ ಸೊಗಸು ಅದರ ಜೋಲಿನಲ್ಲಿರುವುದರಿಂದ, ನಿರಿಗೆಗಳ ನೆರಳು ತಿಳಿಯುವಂತೆ ಬೆಳಕು ಮಗ್ಗುಲಿನಿಂದ ಹರಿಯಬೇಕು. ಉದ್ದನೆಯ ಟ್ಯೂಬ್‌ಲೈಟುಗಳ ಸಾಲು ಎಲ್ಲ ಕಡೆಯಿಂದಲೂ ಸಮನಾಗಿ ಬೆಳಕು ಸುರಿದು, ಹೊಳಪನ್ನೂ ನೆರಳನ್ನೂ ಒಟ್ಟಿಗೆ ತೊಳೆದುಬಿಡುತ್ತದೆ. ರೇಷ್ಮೆ ನೈಲಾನಿನಂತೆ ತೋರುವುದು ಆಗ.

ಜರಿಯ ವಿಷಯ ಇನ್ನೂ ಸೂಕ್ಷ್ಮ. ಮೈಸೂರು ರೇಷ್ಮೆಯ ಜರಿಯಲ್ಲಿ ಶೇಕಡಾ 65ರಷ್ಟು ಬೆಳ್ಳಿಯೂ ಶೇಕಡಾ 0.65ರಷ್ಟು ಚಿನ್ನವೂ ಇರುತ್ತವೆ. ನೂಲಿಗೆ ಸುತ್ತಿದ ಆ ಲೋಹದ ಪಟ್ಟಿಯ ಪ್ರತಿಯೊಂದು ಸುತ್ತೂ ಒಂದು ಪುಟ್ಟ ಬಾಗಿದ ಕನ್ನಡಿ. ಅಂಥ ಕನ್ನಡಿ ನಮ್ಮ ಕಣ್ಣಿಗೆ ಮಿಂಚುವುದು ದೀಪ, ಜರಿ, ಕಣ್ಣು ಈ ಮೂರೂ ನಿರ್ದಿಷ್ಟ ಕೋನದಲ್ಲಿ ಸೇರಿದ ಕ್ಷಣದಲ್ಲಿ ಮಾತ್ರ. ಮರುಕ್ಷಣದಲ್ಲಿ ಅದು ನಂದಿ, ಮಗ್ಗುಲಿನದು ಮಿಂಚಬೇಕು. ಹೊಳೆನರಸೀಪುರದಲ್ಲಿ ಹೇಮಾವತಿಯ ದಡದ ಲಕ್ಷ್ಮೀನರಸಿಂಹನ ಗರ್ಭಗುಡಿಯ ಮುಂದೆ ಮಂಗಳಾರತಿಗೆ ನಿಂತವರು ಇದನ್ನು ಅನುಭವಿಸಿಯೇ ಇರುತ್ತಾರೆ: ಕತ್ತಲೆಯ ಚೌಕಟ್ಟು, ನಡುವೆ ಅಲಂಕೃತ ಮೂರ್ತಿ, ಅರ್ಚಕರ ಕೈಯಲ್ಲಿ ಸುತ್ತುವ ಒಂದೇ ಕರ್ಪೂರದ ಜ್ವಾಲೆ; ಆಭರಣದ ಒಂದೊಂದು ಹರಳೂ ಸರದಿಯಂತೆ ಎಚ್ಚತ್ತು ಮತ್ತೆ ಕಣ್ಮುಚ್ಚುವುದರಿಂದ ಕಲ್ಲೇ ಉಸಿರಾಡಿದಂತೆ ಭಾಸವಾಗುತ್ತದೆ. ಷೋಕೇಸಿನಲ್ಲಿ ಆರತಿಯೆತ್ತುವವರು ಯಾರು? ಯಾರೂ ಬೇಕಾಗಿಲ್ಲ. ಚಲನೆ ಸಾಪೇಕ್ಷವಾದುದಷ್ಟೆ: ದೀಪ ನಿಂತಿದ್ದು ಭಕ್ತನೇ ನಡೆದರೂ ಫಲ ಒಂದೇ. ಮಾಡಿನ ಹತ್ತಿರ ಒಂದಕ್ಕೊಂದು ದೂರವಾಗಿ ನಾಲ್ಕೈದು ಕಿರುದೀಪಗಳನ್ನು ನೆಟ್ಟರೆ, ನಡೆಯುತ್ತಿರುವವಳ ಕಣ್ಣು ತಾನಾಗಿ ಕೋನ ಬದಲಿಸುತ್ತ ಹೋಗಿ, ಸೆರಗಿನ ಜರಿ ಅವಳು ನಡೆದಷ್ಟು ದೂರವೂ ಮಿಣುಕುತ್ತದೆ. ಅವಳು ನಿಂತರೆ ಜರಿಯೂ ನಿಲ್ಲುತ್ತದೆ. ತನ್ನೊಡನೆ ಏನೋ ಚಲಿಸಿತೆಂಬ ಆ ಸೂಚನೆಯೇ ಕಾಲನ್ನು ತಡೆಯುವ ಮೊದಲ ಕೈ.

ನೆರೆಹೊರೆಯ ಬಣ್ಣ

ಬಣ್ಣ ಬಟ್ಟೆಯಲ್ಲಿದೆಯೆಂದು ತಿಳಿದವರ ತಪ್ಪನ್ನು ತಿದ್ದಿದವನು ಷೆವ್ರಲ್. ಪ್ಯಾರಿಸಿನ ಗೊಬೆಲಿನ್ಸ್ ನೇಯ್ಗೆಯ ಕಾರ್ಖಾನೆಯ ಬಣ್ಣದ ವಿಭಾಗಕ್ಕೆ 1824ರಲ್ಲಿ ಮೇಲ್ವಿಚಾರಕನಾದ ಈ ರಸಾಯನಜ್ಞನ ಮುಂದೆ, ನೀಲಿ ಮತ್ತು ನೇರಳೆಗಳ ಪಕ್ಕದಲ್ಲಿ ನೇಯ್ದ ಕಪ್ಪು ನೂಲು ಮಂಕಾಗಿದೆಯೆಂಬ ದೂರು ಬಂದಿತು. ಕಪ್ಪನ್ನು ಪ್ರತ್ಯೇಕಿಸಿ ಪರೀಕ್ಷಿಸಿದರೆ ದೋಷವೇ ಇಲ್ಲ. ದೋಷ ನೆರೆಹೊರೆಯದು: ಪ್ರತಿಯೊಂದು ಬಣ್ಣವೂ ತನ್ನ ವಿರುದ್ಧ ವರ್ಣದ ಛಾಯೆಯನ್ನು ಮಗ್ಗುಲಿನವರ ಮೇಲೆ ಚೆಲ್ಲುತ್ತದೆಂಬುದನ್ನು ಅವನು ಕಂಡುಕೊಂಡು, 1839ರಲ್ಲಿ ದೊಡ್ಡದೊಂದು ಗ್ರಂಥವನ್ನೇ ರಚಿಸಿದನು. ಕಿತ್ತಳೆಗೆ ತಿರುಗಿದ ಕಂದು ಹಿನ್ನೆಲೆಯ ಮುಂದೆ ನೀಲಿ ಸೀರೆ ಇನ್ನಷ್ಟು ನೀಲಿಯಾಗುವುದು, ಹಸಿರಿನ ಮುಂದೆ ಕೆಂಪು ಇನ್ನಷ್ಟು ಕೆರಳುವುದು ಈ ನಿಯಮದಿಂದ.

ಹೊತ್ತೂ ಬಣ್ಣವನ್ನು ಬದಲಿಸುತ್ತದೆ. ಹಗಲಿನ ಕಣ್ಣು 555 ನ್ಯಾನೊಮೀಟರಿನ ಹಳದಿಹಸಿರಿಗೂ ಇರುಳಿನ ಕಣ್ಣು 507 ನ್ಯಾನೊಮೀಟರಿನ ನೀಲಿಹಸಿರಿಗೂ ಹೆಚ್ಚು ಸೂಕ್ಷ್ಮವಾದುದರಿಂದ, ಮುಸ್ಸಂಜೆಯಲ್ಲಿ ಕೆಂಪು ಮೊದಲು ಕಪ್ಪಾಗಿ ನೀಲಿ ಕೊನೆಯವರೆಗೂ ಉಳಿಯುತ್ತದೆ. ಬೊಹೀಮಿಯದ ಪುರ್ಕಿನ್ಯೆ ಗಮನಿಸಿದ ಸಂಗತಿ ಇದು. ವಿದ್ಯುತ್ತಿನ ಉಳಿತಾಯಕ್ಕೆಂದು ದೀಪ ಹಚ್ಚುವುದನ್ನು ಕತ್ತಲಾಗುವವರೆಗೆ ಮುಂದೂಡುವ ಅಂಗಡಿಯಲ್ಲಿ, ಕೆಂಪು ಧಾರೆ ಸೀರೆ ಗೋಧೂಳಿಯ ಲಗ್ನಕ್ಕೇ ಗೈರುಹಾಜರಾಗುತ್ತದೆ.

ಇನ್ನು ದೀಪದ ಗುಣ. ಎರಡು ಬಣ್ಣಗಳು ಒಂದು ದೀಪದಡಿಯಲ್ಲಿ ಅವಳಿಗಳಂತೆ ಕಂಡು, ಇನ್ನೊಂದರಡಿಯಲ್ಲಿ ಪರಕೀಯವಾಗುವುದುಂಟು. ರಾತ್ರಿ ಮ್ಯಾಚಿಂಗ್ ಅಂಗಡಿಯಲ್ಲಿ ಸೀರೆಗೆ ಸರಿಯಾಗಿ ಹೊಂದಿದ ರವಿಕೆ ಕಣವನ್ನು ಬೆಳಗ್ಗೆ ಅಂಗಳದಲ್ಲಿ ನೋಡಿ ನಿಟ್ಟುಸಿರಿಟ್ಟ ಗೃಹಿಣಿಯರಿಗೆ ಇದಕ್ಕೆ ಪ್ರಮಾಣ ಬೇಕಾಗಿಲ್ಲ. ವರ್ಣಯಾಥಾರ್ಥ್ಯದ ಮಾನದಲ್ಲಿ ನೂರಕ್ಕೆ 90ರ ಮೇಲಿರುವ ಎಲ್‌ಇಡಿ ದೀಪಗಳನ್ನೇ ಷೋಕೇಸಿಗೆ ಆರಿಸುವುದು ಈ ಕಾರಣದಿಂದ. ನಮ್ಮ ಸೀಮೆಯಲ್ಲಿ ಇದಕ್ಕೆ ಇನ್ನೊಂದು ಕಾರಣವುಂಟು. ಅರಕಲಗೂಡು ತಾಲ್ಲೂಕಿನ ರಾಮನಾಥಪುರದ ಹರಾಜಿಗೆ ಹೊಗೆಸೊಪ್ಪು ಬೇಯಿಸಿ ತರುವ ರೈತ, ಎಲೆಯ ಹಳದಿ ಒಂದು ಎಳೆ ಮಂಕಾದರೆ ಬೆಲೆ ಎಷ್ಟು ಇಳಿಯುವುದೆಂಬುದನ್ನು ವರ್ಷವರ್ಷವೂ ಕಂಡವನು. ಅಂಥ ಕಣ್ಣನ್ನು ಬಣ್ಣದ ದೀಪ ಹಾಕಿ ವಂಚಿಸುವುದು ಸಾಧ್ಯವಿಲ್ಲ. ಅವನು ಸೀರೆಯನ್ನು ಎತ್ತಿಕೊಂಡು ಬಾಗಿಲ ಬೆಳಕಿಗೆ ಹಿಡಿಯುತ್ತಾನೆ. ಆ ಪರೀಕ್ಷೆಯಲ್ಲಿ ಷೋಕೇಸು ಸುಳ್ಳು ಹೇಳಿತೆಂದು ಗೊತ್ತಾದರೆ, ಅಂಗಡಿಯ ಉಳಿದ ಮಾತುಗಳಿಗೂ ಬೆಲೆಯಿಲ್ಲ.

ಬೆಳಕಿನ ಬಾಡಿಗೆ

ಬೆಳಕು ತೋರಿಸುವ ಕೆಲಸವನ್ನು ಪುಕ್ಕಟೆಯಾಗಿ ಮಾಡುವುದಿಲ್ಲ. ರೇಷ್ಮೆಯ ಪ್ರೋಟೀನಿನಲ್ಲಿರುವ ಟ್ರಿಪ್ಟೊಫಾನ್, ಟೈರೊಸಿನ್ ಎಂಬ ಘಟಕಗಳು ಅತಿನೇರಳೆ ಕಿರಣಗಳನ್ನು ಹೀರಿ ಶಿಥಿಲವಾಗುವುದರಿಂದ ಎಳೆ ಹಳದಿಗಟ್ಟಿ ಬಲಗುಂದುತ್ತದೆ. ಸಾಧಾರಣ ಗಾಜು ಆ ಕಿರಣಗಳಲ್ಲಿ ಕೆಲವನ್ನು ತಡೆದರೂ ದೀರ್ಘತರಂಗದವನ್ನು ಒಳಕ್ಕೆ ಬಿಡುತ್ತದೆ. ವಸ್ತುಸಂಗ್ರಹಾಲಯದವರು ಹಳೆಯ ರೇಷ್ಮೆಗೆ 50 ಲಕ್ಸಿಗಿಂತ ಹೆಚ್ಚು ಬೆಳಕನ್ನು ತೋರಿಸಲು ಒಪ್ಪುವುದಿಲ್ಲ. ಹಗಲಿನ ಪ್ರತಿಬಿಂಬವನ್ನು ಗೆಲ್ಲಲು ನಾವು ಲೆಕ್ಕಹಾಕಿದ 4,000 ಲಕ್ಸಿನಲ್ಲಿ ಹತ್ತು ಗಂಟೆ ನಿಂತ ಸೀರೆ, ಸಂಗ್ರಹಾಲಯದ ಎಂಟು ಗಂಟೆಯ ದಿನಗಳಲ್ಲಿ ನೂರು ದಿನ ಪ್ರದರ್ಶಿತವಾದ ರೇಷ್ಮೆಯಷ್ಟು ಬೆಳಕನ್ನು ಒಂದೇ ದಿನದಲ್ಲಿ ಉಂಡಿರುತ್ತದೆ. ವಾರಕ್ಕೊಮ್ಮೆಯಾದರೂ ಸೀರೆಯನ್ನು ಬದಲಿಸದಿದ್ದಲ್ಲಿ, ಬೊಂಬೆಯ ಮೇಲೆ ಬಿಸಿಲು ಕಂಡ ಮುಖಕ್ಕೂ ಕಾಣದ ಮಡಿಕೆಗೂ ನಡುವೆ ಒಂದು ಗೆರೆ ಬಿದ್ದು, ಆ ಗೆರೆಯನ್ನು ಯಾವ ರಿಯಾಯಿತಿಯೂ ಅಳಿಸಲಾರದು.

ಹಾಗಾದರೆ ನಮ್ಮ ಷೋಕೇಸು ಹೇಗಿರಬೇಕು? ವರ್ತಕನು ಅನುಮತಿಸಿದರೆ ನಾನು ಕಟ್ಟುವುದು ಹೀಗೆ. ಕೋಣೆಯ ಹಿಂಗೋಡೆಗೆ ಚನ್ನರಾಯಪಟ್ಟಣದ ಕಡೆಯ ತೆಂಗಿನ ನಾರಿನ ಚಾಪೆ. ಅದರ ಕಂದು, ಬೊಂಬೆಗೆ ಉಡಿಸುವ ನೀಲಿ ಸೀರೆಯನ್ನು ಷೆವ್ರಲ್ಲನ ನಿಯಮದಂತೆ ಏರಿಸುತ್ತದೆ, ಅದರ ಒರಟು ರೇಷ್ಮೆಯ ನುಣುಪನ್ನು ಮಾತಿಲ್ಲದೆ ಸಾರುತ್ತದೆ. ಹಗಲು ಆ ಚಾಪೆಯ ಮುಂದೆ ಬಿಳಿಯ ಪಂಚೆಯ ಪರದೆ. ಹಚ್ಚಿದ ದೀಪಗಳ ಬೆಳಕನ್ನು ಪರದೆ ಹಿಂದಕ್ಕೆ ಚೆಲ್ಲಿ ಗಾಜನ್ನು ಆದಷ್ಟು ಗಾಜಾಗಿಯೇ ಉಳಿಸಲಿ. ಗಾಜಿನಿಂದ ಒಂದು ಮೀಟರು ಒಳಗೆ ಒಂದೇ ಬೊಂಬೆ, ತಲೆಯಿಲ್ಲದ್ದು; ಒಂದೇ ಸೀರೆ; ಮಾಡಿನಲ್ಲಿ ನಿಂತ ಆರತಿಯ ನಾಲ್ಕು ದೀಪ.

ಸಂಜೆ ಪರದೆಯನ್ನು ಸರಿಸಿದ ಮೇಲೆ ಚಾಪೆಯ ಕತ್ತಲೆ ತೆರೆದುಕೊಳ್ಳುತ್ತದೆ, ಗಾಜಿನ ಹೊಸ್ತಿಲಿನಲ್ಲಿ ಬೀದಿಯ ಕಡೆಗೆ ತಿರುಗಿಸಿದ ಮೃದುವಾದ ಒಂದು ಸಣ್ಣ ದೀಪ ಹೊತ್ತಿಕೊಳ್ಳುತ್ತದೆ. ಅದರ ಬೆಳಕು ಬೀಳುವುದು ನಿಂತು ನೋಡುವವಳ ಮುಖದ ಮೇಲೆ. ಅಲ್ಲಿ 200 ಲಕ್ಸ್ ಬಿದ್ದಿತೆಂದರೆ, ಅಧ್ಯಾಯದುದ್ದಕ್ಕೂ ನಮ್ಮನ್ನು ಕಾಡಿದ ನೂರಕ್ಕೆ 8 ಪಾಲು, ಈಗ 16 ಲಕ್ಸಿನ ಬೆಳಕಿನಲ್ಲಿರುವ ಮುಖದಷ್ಟು ಕಾಂತಿಯಿಂದ ಆ ಮುಖವನ್ನು ಗಾಜಿನಲ್ಲಿ ಹಿಂದಿರುಗಿಸುತ್ತದೆ. ಬೆಳಗಿದ ಸೀರೆಯ ಮೇಲೆ ಅಷ್ಟು ಮಂದವಾದ ಬಿಂಬ ಕಾಣದು. ಬೊಂಬೆಯ ಕತ್ತಿನ ಮೇಲಿನ ಕತ್ತಲೆಯಲ್ಲಿ ಕಾಣುತ್ತದೆ. ಸಮತಲ ದರ್ಪಣದಲ್ಲಿ ವಸ್ತು ಎಷ್ಟು ಮುಂದಿದೆಯೋ ಪ್ರತಿಬಿಂಬ ಅಷ್ಟೇ ಹಿಂದಿರುತ್ತದೆಂಬ ಶಾಲೆಯ ಪಾಠದಂತೆ, ಗಾಜಿನಿಂದ ಒಂದು ಮೀಟರು ಈಚೆ ನಿಂತವಳ ಮುಖ ಒಂದು ಮೀಟರು ಆಚೆ, ಸರಿಯಾಗಿ ಬೊಂಬೆಯ ಹೆಗಲ ಮೇಲೆ ಮೂಡಬೇಕು. 1862ರಲ್ಲಿ ಲಂಡನ್ನಿನ ಜಾನ್ ಹೆನ್ರಿ ಪೆಪ್ಪರ್ ರಂಗಸ್ಥಳದ ಮೇಲೆ ಭೂತವನ್ನು ನಡೆಸಿ ಜನರನ್ನು ಬೆದರಿಸಿದುದು ಇದೇ ಯುಕ್ತಿಯಿಂದ. ನಾವು ಅದನ್ನು ಮಂಗಳಕಾರ್ಯಕ್ಕೆ ತಿರುಗಿಸಿದ್ದೇವೆ. ಹಗಲಿನಲ್ಲಿ ವೈರಿಯಾಗಿದ್ದ ಪ್ರತಿಬಿಂಬ ಸಂಜೆಗೆ ಸಖಿಯಾಗುತ್ತದೆ. ಬೇಲೂರಿನ ದರ್ಪಣಸುಂದರಿಗೆ ತನ್ನ ಕೈಯ ಕನ್ನಡಿಯಲ್ಲಿ ತಾನಲ್ಲದೆ ಬೇರೇನೂ ಬೇಕಾಗಿರಲಿಲ್ಲವೆಂಬುದನ್ನು ಈಗ ನೆನೆಯಬಹುದು.

ಎತ್ತರ ಮಾತ್ರ ಎಲ್ಲರಿಗೂ ಒಂದೇ ಅಲ್ಲವಾಗಿ, ಬೊಂಬೆಯ ಕತ್ತನ್ನು ಒಬ್ಬರ ಅಳತೆಗೆ ಕೂರಿಸಬೇಕಾಗುತ್ತದೆ. ಯಜಮಾನನ ಮುಖ ಬೊಂಬೆಗಿಂತ ಮೇಲೆ, ನಾರಿನ ಚಾಪೆಯಲ್ಲಿ ತೇಲುತ್ತದೆ. ಅಜ್ಜಿಯ ಮುಖ ಸೆರಗಿನ ಬೆಳಕಿನಲ್ಲಿ ಕರಗಿಹೋಗುತ್ತದೆ. ಸಾಲಿನ ಕೊನೆಯವಳು ಮಾತ್ರ ನಿಂತಲ್ಲಿಯೇ ಅರ್ಧ ಹೆಜ್ಜೆ ಎಡಕ್ಕೆ ಸರಿದು, ಒಂದು ಕ್ಷಣ ಉಸಿರು ಹಿಡಿದು, ಹಣೆಯ ಮೇಲಿನ ಕೂದಲನ್ನು ಹಿಂದಕ್ಕೆ ಒತ್ತಿಕೊಳ್ಳುತ್ತಾಳೆ. ಅವಳ ಹಿಂದೆ ನಿಂತಿದ್ದ ಸೋದರಮಾವ, ಊರಿನಲ್ಲಿ ಬರೆದು ತಂದಿದ್ದ ಪಟ್ಟಿಯನ್ನು ಮಡಿಸಿ ಜೇಬಿಗೆ ಇಟ್ಟುಕೊಳ್ಳುತ್ತಾನೆ.